ಮೂರನೇ ಕಂಬದ ಬುಡ

ಬೆಳಿಗ್ಗೆ ಏಳು ಗಂಟೆಗೆ ಮೇಸ್ತ್ರಿ ದಾರ ಹಿಡಿದು ನೋಡಿದಾಗ ಮೂರನೇ ಕಂಬ ಅರ್ಧ ಅಡಿ ಕೂತಿತ್ತು. "ಎಲ್ಲಾ ಈಚೆಗ್ ಬನ್ರೋ" ಎಂದು ಅವನು ಕೂಗುವಷ್ಟರಲ್ಲಿ ಕಂಬ ಹಳ್ಳದ ಕಡೆಗೆ ವಾಲಿತು. ಅದಕ್ಕೆ ಆನಿಸಿ ನಿಲ್ಲಿಸಿದ್ದ ಸೆಂಟ್ರಿಂಗ್ ಹಲಗೆ, ಪೈಪು, ಕಟ್ಟಿದ್ದ ಕಬ್ಬಿಣ—ಎಲ್ಲವೂ ಒಟ್ಟಿಗೆ ಕೆಳಗೆ ಬಂತು. ಐದು ಜನ ಓಡಿ ತಪ್ಪಿಸಿಕೊಂಡರು. ಸೆಂಟ್ರಿಂಗ್ ಕೆಲಸದ ಸಿದ್ದರಾಜು ಎರಡು ಹೆಜ್ಜೆ ತಡ ಮಾಡಿದ. ಜೀವ ಉಳಿಯಿತು. ಬಲಗಾಲು ಪೈಪುಗಳ ಅಡಿ ನಜ್ಜುಗುಜ್ಜಾಯಿತು.

ಬೆಳಕವಾಡಿಯಿಂದಾಚೆ ಹಳ್ಳಕ್ಕೆ ಕಟ್ಟುತ್ತಿದ್ದ ಸಣ್ಣ ಸೇತುವೆ ಅದು. ಮೂರೇ ಕಂಬ.

ಎರಡು ದಿನದ ಮೇಲೆ ಇಲಾಖೆಯವರು ಕಂಬದ ಪಕ್ಕ ಅಗೆಸಿ ನೋಡಿದರು. ಒಂದು ಸಾಲು ಗುಂಡುಕಲ್ಲು. ಅದರ ಕೆಳಗೆ ಕೈಯಿಟ್ಟರೆ ಮೊಣಕೈವರೆಗೂ ಇಳಿಯುವಂಥ ಮೆತ್ತನೆಯ ಜೇಡಿ. ಆದರೆ ಮಣ್ಣು ಪರೀಕ್ಷೆಯ ರಿಪೋರ್ಟ್‌ನಲ್ಲಿ ಬರೆದದ್ದೇ ಬೇರೆ—ಈ ಕಂಬದ ಜಾಗದಲ್ಲಿ ಮಣ್ಣು ನೋಡಲು ಕೊರೆದ ಮೂರನೇ ಬೋರ್, ಮೂರು ಮೀಟರಿಗೆ ಗಟ್ಟಿ ಬಂಡೆ.

ಆ ಬಂಡೆ ಎಲ್ಲಿ ಹೋಯಿತು?

ಅಂದು ಸಂಜೆಯೇ ಪೊಲೀಸರು ಬೋರ್ ಕೊರೆದ ಮದ್ದೂರಿನ ವಾಜಿದ್‌ನನ್ನು ಮಳವಳ್ಳಿಗೆ ಕರೆದೊಯ್ದರು. ಕೊರೆಯದೆಯೇ ಕೊರೆದೆ ಎಂದು ಸುಳ್ಳು ಹೇಳಿದ್ದಾನೆ ಎಂಬುದು ಎಲ್ಲರ ಮಾತು.

ತನಿಖೆಗೆ ಇಲಾಖೆ ವನಜಾ ಮೇಡಂ ಅವರನ್ನು ನೇಮಿಸಿತು. ಗುಣನಿಯಂತ್ರಣ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಮಂಡ್ಯದಲ್ಲಿದ್ದವರು. ಕಾಂಕ್ರೀಟನ್ನು ಸುತ್ತಿಗೆಯಲ್ಲಿ ತಟ್ಟಿ, ಸದ್ದಿನಲ್ಲೇ ಒಳಗಿನ ಪೊಳ್ಳು ಹೇಳುತ್ತಿದ್ದರಂತೆ. ಅವರ ಸಹಾಯಕ್ಕೆ ನನ್ನನ್ನು ಹಾಕಿದರು. ನನ್ನ ಹೆಸರು ಕುಸುಮ. ಸಹಾಯಕ ಎಂಜಿನಿಯರ್ ಆಗಿ ಇಲಾಖೆಗೆ ಸೇರಿ ಒಂದು ವರ್ಷವಾಗಿತ್ತು.

ಆ ಆದೇಶ ಕೈಗೆ ಬಂದಾಗಲೇ ನಾನು ಹೇಳಬೇಕಾದ ಮಾತೊಂದಿತ್ತು. ಹೇಳಲಿಲ್ಲ.

*

ಮೊದಲ ದಿನ ಸೇತುವೆಯ ಹತ್ತಿರ ಹೋದೆವು. ಗುತ್ತಿಗೆದಾರ ಯತೀಶ್ ಬಿಸಿಲಲ್ಲಿ ಬೆವರುತ್ತ ನಿಂತಿದ್ದ.

"ಮೂರು ಮೀಟರಿಗೆ ಬಂಡೆ ಅಂತ ಡ್ರಾಯಿಂಗ್‌ನಲ್ಲಿತ್ತು ಮೇಡಂ. ಮೂರಕ್ಕೆ ಅಗೆಸಿದೆ. ಕಲ್ಲು ಸಿಕ್ತು. ಪಾಯ ಹಾಕ್ದೆ."

"ಅದು ಬಂಡೆಯೋ ಗುಂಡುಕಲ್ಲೋ—ಹಾರೆ ಹಾಕಿ ಅಲ್ಲಾಡಿಸಿ ನೋಡಿದ್ರಾ?"

ಯತೀಶ್ ತಲೆ ತಗ್ಗಿಸಿದ. "ಪೇಪರಲ್ಲೇ ಇತ್ತಲ್ಲ ಮೇಡಂ..."

"ಪೇಪರಲ್ಲಿ ಇಲ್ದೇ ಇದ್ದಿದ್ರೆ?"

"ಇನ್ನೂ ಅಗೆಸ್ತಿದ್ದೆ."

ನನ್ನ ಪೆನ್ನು ಅಲ್ಲೇ ನಿಂತಿತು. "ಬರ್ಕೊಳಮ್ಮ" ಎಂದರು ಮೇಡಂ. ಬರೆದುಕೊಂಡೆ.

ಮೂರನೇ ಕಂಬ ಎದ್ದದ್ದು ದೊಡ್ಡಸಿದ್ದಯ್ಯನ ಗದ್ದೆಯ ಅಂಚಿನಲ್ಲಿ. ಎಪ್ಪತ್ತು ದಾಟಿದ ಮನುಷ್ಯ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದ. ಮೇಡಂ ಅವನ ಪಕ್ಕದಲ್ಲೇ ಹೋಗಿ ಕೂತರು.

"ಯಜಮಾನ್ರೆ, ಎರಡು ವರ್ಷದ ಹಿಂದೆ ಇಲ್ಲಿಗೆ ಬೋರ್ ಕೊರೆಯೋ ಮಿಷನ್ ಬಂದಿತ್ತಾ?"

"ಬಂದಿತ್ತು ಕಣಮ್ಮ. ಆ ದಡದಲ್ಲೊಂದು, ಅಳ್ಳದ್ ಮದ್ಯ ಒಂದು ಕೊರುದ್ರು."

"ನಿಮ್ಮ ಗದ್ದೆಯಲ್ಲಿ?"

"ಬತ್ತ ಎದೆಮಟ್ಟ ನಿಂತಿತ್ತು. ಇಳಿಸ್ಬ್ಯಾಡಿ ಅಂದೆ. ಆ ಸಾಬ್ರು ಹುಡ್ಗ ಒಳ್ಳೇವ್ನು. 'ಆಯ್ತು ತಾತ, ಕುಯ್ಲಾಗ್ಲಿ ಬತ್ತೀನಿ' ಅಂತ ಓದ. ಆಮ್ಯಾಕೆ ಬರ್ನೇ ಇಲ್ಲ."

"ಮಣ್ಣು ಹೇಗಿತ್ತು ಇಲ್ಲಿ?"

ಮುದುಕ ನಕ್ಕ. "ಮಣ್ಣೆಲ್ಲೈತೆ? ನಮ್ಮಪ್ಪನ ಕಾಲ್ದಲ್ಲಿ ಅಳ್ಳ ಇಲ್ಲೇ ಅರೀತಿತ್ತು. ನೀರು ಅತ್ಲಾಗೆ ತಿರುಕಂಡ್ಮ್ಯಾಕೆ ಕಲ್ ತುಂಬಿ, ಗೋಡ್ ಮಣ್ ಸುರ್ದು ಗದ್ದೆ ಮಾಡ್ಕಂಡೊ. ಯಾರಾರ ಕೇಳಿದ್ರೆ ಏಳ್ತಿದ್ದೆ. ಯಾರೂ ಕೇಳ್ನಿಲ್ಲ."

ಯಾರೂ ಕೇಳಲಿಲ್ಲ. ಆ ಮಾತು ಕಾರಿನವರೆಗೂ ನನ್ನ ಹಿಂದೆಯೇ ಬಂತು.

ಕಾರಿನಲ್ಲಿ ಮೇಡಂ ಒಂದು ಬಿಳಿ ಹಾಳೆ ಕೊಟ್ಟರು. "ಒಂದು ಸೇತುವೆ ಕಾಗದದ ಮೇಲೆ ಹುಟ್ಟಿ ನೆಲದ ಮೇಲೆ ನಿಲ್ಲೋವರೆಗೂ ಏನೇನು ಹಂತ ಇದೆ, ಬರಿ. ಪಕ್ಕದಲ್ಲಿ ಯಾರು ಮಾಡಿದ್ರು ಅಂತ ಬರಿ. ಒಂದೊಂದಾಗಿ ಹಿಡಿಯೋಣ."

ಬರೆದೆ. ಸರ್ವೆ. ಬೋರ್ ಕೊರೆಯುವುದು. ಲ್ಯಾಬ್ ಪರೀಕ್ಷೆ. ಮಣ್ಣಿನ ರಿಪೋರ್ಟ್. ಪ್ರಾಥಮಿಕ ವಿನ್ಯಾಸ. ಲೆಕ್ಕಾಚಾರ ಮತ್ತು ಪರಿಶೀಲನೆ. ಡ್ರಾಯಿಂಗ್. ಮಂಜೂರಾತಿ. ಕಾಮಗಾರಿ.

ಮೇಡಂ ಕನ್ನಡಕ ಏರಿಸಿ ಓದಿದರು. "ಒಂಬತ್ತೇನಾ?"

"ಒಂಬತ್ತು ಮೇಡಂ."

ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡರು.

*

ಮಾರನೇ ದಿನ ಮಂಡ್ಯದಲ್ಲಿ ರವಿಚಂದ್ರ ಅವರ ಆಫೀಸು. ಸೇತುವೆಯ ವಿನ್ಯಾಸ ಮಾಡಿದ್ದು ಇವರೇ. ಮಣ್ಣಿನ ರಿಪೋರ್ಟ್ ಕೊಟ್ಟದ್ದೂ ಇವರೇ. ಐವತ್ತರ ಆಸುಪಾಸಿನ ಮನುಷ್ಯ. ನಾಲ್ಕು ದಿನದಿಂದ ನಿದ್ದೆಯಿಲ್ಲದ ಮುಖ.

"ಮೂರನೇ ಬೋರ್ ಕೊರೆಯುವಾಗ ನೀವು ಅಲ್ಲಿದ್ರಾ?"

"ಇಲ್ಲ."

"ಮೂರು ಮೀಟರಿಗೆ ಬಂಡೆ ಅಂತ ಹೇಗೆ ಗೊತ್ತಾಯ್ತು?"

"ರಿಪೋರ್ಟ್‌ನಲ್ಲಿತ್ತು."

"ರಿಪೋರ್ಟ್ ನಿಮ್ಮದೇ ಅಲ್ವಾ ಸ್ವಾಮಿ?"

ಅವರು ಮೇಜಿನ ಗಾಜನ್ನೇ ನೋಡುತ್ತ ಹೇಳಿದರು: "ನಮ್ಮ ಆಫೀಸಿನದು. ಸಹಿ ನಂದು. ತಪ್ಪಾಗಿದ್ರೆ ನಂದೇ ತಪ್ಪು."

"ಸಹಿ ಹಾಕೋ ಮುಂಚೆ ಓದಿದ್ರಾ?"

"ಮಾರನೇ ದಿನವೇ ಕೊಡ್ಬೇಕಿತ್ತು. ಮೀಟಿಂಗ್ ಇತ್ತು. ನಾನೇ ಅವಸರ ಮಾಡ್ದೆ. ಮೊದಲೆರಡು ಬೋರಿಗೂ ಅದಕ್ಕೂ ಹೊಂದಾಣಿಕೆ ಇತ್ತು. ಅನುಮಾನ ಬರ್ಲಿಲ್ಲ."

ಆ ಅರ್ಧ ಗಂಟೆಯಲ್ಲಿ ಅವರು ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಆಫೀಸಿನ ಆಯಾ ತಟ್ಟೆಯಲ್ಲಿ ಮೂರು ಲೋಟ ತಂದಿಟ್ಟಳು. ಕುಡಿದೆವು. ಡ್ರಾಯಿಂಗ್ ಪ್ರತಿ ತೆಗೆದುಕೊಂಡು ಎದ್ದೆವು.

ಮಧ್ಯಾಹ್ನ ಮಳವಳ್ಳಿ. ಪೊಲೀಸ್ ಠಾಣೆಯ ಹಿಂಬದಿ ಕೋಣೆಯಲ್ಲಿ ವಾಜಿದ್ ಬೆಂಚಿನ ಮೇಲೆ ಕೂತಿದ್ದ. ಮೂವತ್ತೈದರ ಸುಮಾರಿನ ಬಲವಾದ ಆಳು. ಎರಡೂ ಅಂಗೈಯಲ್ಲಿ ಗ್ರೀಸಿನ ಕಲೆ ಇನ್ನೂ ಹೋಗಿರಲಿಲ್ಲ.

"ಎಷ್ಟು ಬೋರ್ ಕೊರೆದೆ?"

"ಎರಡೇ ಮೇಡಂ. ಅಲ್ಲಾ ಆಣೆ ಎರಡೇ."

ಇನ್‌ಸ್ಪೆಕ್ಟರ್ ನಡುವೆ ಬಾಯಿ ಹಾಕಿದರು. "ಕೊರೆದು ತೆಗೆದ ಕಲ್ಲು ಮೂರು ಪೆಟ್ಟಿಗೆ ಕಳಿಸಿದ್ದೀನಿ ಅಂತ ಇವನೇ ಒಪ್ಕೊಂಡಿದ್ದಾನೆ ಮೇಡಂ. ಎರಡು ಬೋರಿಗೆ ಮೂರು ಪೆಟ್ಟಿಗೆ ಎಲ್ಲಿಂದ ಬರುತ್ತೆ?"

"ಎರಡನೇದು ಆಳ ಹೋಯ್ತು ಸರ್. ಒಂದು ಪೆಟ್ಗೇಲಿ ಇಡಿಸ್ಲಿಲ್ಲ—"

"ಕತೆ ಕಟ್ಬೇಡ."

ಮೇಡಂ ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದರು. "ಮೂರನೇದು ಯಾಕೆ ಕೊರೀಲಿಲ್ಲ?"

"ಬೆಳೆ ನಿಂತಿತ್ತು ಮೇಡಂ. ಕೊಯ್ಲಾದ್ಮೇಲೆ ನಾನೇ ಆಫೀಸಿಗೆ ಫೋನ್ ಮಾಡ್ದೆ. ಮಿಷನ್ ತರ್ಲಾ ಅಂತ ಕೇಳ್ದೆ. ಬೇಡ, ಸಾಕಂತೆ ಅಂದ್ರು."

"ಯಾರು ಅಂದದ್ದು?"

"ಹೆಸ್ರು ಕೇಳ್ಲಿಲ್ಲ. ಆಫೀಸಿಗೆ ನಾನು ಹೋಗಿದ್ದೇ ಇಲ್ಲ. ಪೆಟ್ಗೆ ಎಲ್ಲ ಟೆಂಪೋದಲ್ಲಿ ಕಳಿಸ್ದೆ. ಚಿಕ್ಕ ವಯಸ್ಸಿನೋರ ದನಿ. ಅವರೇ ಬೇಡ ಅಂದ್ಮೇಲೆ ನಾನ್ಯಾಕೆ ಹೋಗ್ಲಿ ಮೇಡಂ?"

ನಾನು ಹೇಳಿಕೆ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಲಿಲ್ಲ. "ಸಹಿ ಹಾಕಿಸ್ಕೊ" ಎಂದರು ಮೇಡಂ. ಹಾಳೆಯನ್ನು ವಾಜಿದ್ ಕಡೆ ತಳ್ಳಿ ಬೆರಳಿನಿಂದ ಜಾಗ ತೋರಿಸಿದೆ. ಅವನು ಸಹಿ ಹಾಕಿ, "ನಮ್ಮಮ್ಮಂಗೆ ಶುಗರ್ ಇದೆ. ಊಟ ಮಾಡಿದ್ಯಾ ಅಂತ ಯಾರಾದ್ರೂ ಕೇಳಿ" ಎಂದ.

ಅವತ್ತು ನಾನೂ ಊಟ ಮಾಡಲಿಲ್ಲ. ಅದರಿಂದ ಯಾರಿಗೇನು ಉಪಯೋಗ?

*

ಮೂರನೇ ದಿನ ಮದ್ದೂರು. ವಾಜಿದ್‌ನ ಮನೆಯ ಹಿಂದೆ ತಗಡಿನ ಶೆಡ್ಡು. ರಿಪೋರ್ಟ್ ಆದಮೇಲೆ ಕಲ್ಲಿನ ಪೆಟ್ಟಿಗೆಗಳು ಅಲ್ಲಿಗೇ ವಾಪಸ್ ಬಂದಿದ್ದವು. ಅವನ ತಾಯಿ ಮಹಬೂಬ್ ಬೀ ಬೀಗ ತೆಗೆದು, ಸೆರಗಿನಿಂದಲೇ ಪೆಟ್ಟಿಗೆಯ ಧೂಳು ಒರೆಸಿದಳು.

"ಎಲ್ಲ ಹಾಗೇ ಇದೆ ಅಮ್ಮ. ಒಂದು ಕಲ್ಲೂ ಎತ್ತಿಲ್ಲ. ಕಲ್ಲಿಗೆ ಬಾಯಿ ಇದ್ದಿದ್ರೆ ಹೇಳ್ತಿತ್ತು."

ಬೋರ್ ಕೊರೆದಾಗ ಬಂಡೆ ಕಬ್ಬಿನ ಜಲ್ಲೆಯಂತೆ ದುಂಡಗೆ, ಉದ್ದಕ್ಕೆ ಮೇಲೆ ಬರುತ್ತದೆ. ಅದನ್ನು ತುಂಡು ತುಂಡಾಗಿ ಪೆಟ್ಟಿಗೆಯ ಅಂಕಣಗಳಲ್ಲಿ ಸಾಲಾಗಿ ಜೋಡಿಸುತ್ತಾರೆ; ಬಂಡೆಯ ಮೇಲಿನ ಮಣ್ಣನ್ನು ಸಣ್ಣ ಚೀಲಗಳಲ್ಲಿ ಕಟ್ಟಿಡುತ್ತಾರೆ. ಮೂರು ಪೆಟ್ಟಿಗೆಗಳಿದ್ದವು. ಮುಚ್ಚಳಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು.

ಮೇಡಂ ನೆಲದ ಮೇಲೆ ಕೂತರು. ಮೂರೂ ಪೆಟ್ಟಿಗೆ ಬಿಚ್ಚಿಸಿ ಒಂದೊಂದು ಅಂಕಣವನ್ನೂ ನೋಡಿದರು. ತಗಡು ಕಾದು ಶೆಡ್ಡಿನೊಳಗೆ ಕುದಿಯುತ್ತಿತ್ತು.

"ಕುಸುಮ, ಎರಡನೇ ಪೆಟ್ಟಿಗೆಯ ಕೊನೇ ತುಂಡು ಕೊಡು."

ಕೊಟ್ಟೆ.

"ಮೂರನೇ ಪೆಟ್ಟಿಗೆಯ ಮೊದಲನೇ ತುಂಡು."

ಕೊಟ್ಟೆ.

ಮೇಡಂ ಎರಡರ ಮುರಿದ ತುದಿಗಳನ್ನು ಒಂದಕ್ಕೊಂದು ಹಿಡಿದು ಮೆಲ್ಲಗೆ ತಿರುಗಿಸಿದರು. ಟಕ್—ಕೂತಿತು. ಕೂದಲೆಳೆಯಷ್ಟೂ ಸಂದಿಯಿಲ್ಲ. ಒಂದು ಬಿಳಿ ಗೆರೆ ಆ ತುಂಡಿನಿಂದ ಈ ತುಂಡಿಗೆ ಓರೆಯಾಗಿ, ತುಂಡಾಗದೆ ದಾಟಿತ್ತು.

"ಎರಡನೇ ಕಂಬಕ್ಕೂ ಮೂರನೇ ಕಂಬಕ್ಕೂ ಎಷ್ಟು ದೂರ?"

"ಹದಿನೈದು ಮೀಟರ್."

"ಹದಿನೈದು ಮೀಟರ್ ಆಚೆಯ ಕಲ್ಲು ಹೀಗೆ ಬಂದು ಕೂತ್ಕೊಳ್ಳುತ್ತಾ?"

ಮೇಡಂ ಜೋಡಿಸಿದ ತುಂಡುಗಳನ್ನು ಹಾಗೇ ನನ್ನ ಮುಂದೆ ಹಿಡಿದರು.

"ಇದು ಒಂದೇ ಬೋರಿನ ಕಲ್ಲು. ವಾಜಿದ್ ಹೇಳಿದ್ದು ನಿಜ. ಎರಡನೇದು ಆಳಕ್ಕೆ ಹೋಯ್ತು, ಒಂದು ಪೆಟ್ಟಿಗೆ ಸಾಲಲಿಲ್ಲ, ಎರಡರಲ್ಲಿ ಇಟ್ಟ. ಮುಚ್ಚಳದ ಮೇಲಿರೋದು ಪೆಟ್ಟಿಗೆ ನಂಬರು. ಯಾರೋ ಅದನ್ನ ಬೋರ್ ನಂಬರು ಅಂದ್ಕೊಂಡ್ರು."

ಬಾಗಿಲಲ್ಲಿ ನಿಂತಿದ್ದ ಮಹಬೂಬ್ ಬೀ ಮುಂದೆ ಬಂದಳು. "ಅಂದ್ರೆ? ನನ್ನ ಮಗ ತಪ್ಪು ಮಾಡಿಲ್ಲ, ಅಲ್ವಾ ಅಮ್ಮ?"

"ಇಲ್ಲಮ್ಮ. ನಿಮ್ಮ ಮಗ ಸುಳ್ಳು ಹೇಳಿಲ್ಲ."

ಆಕೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೇಡಂ ಕಲ್ಲು ಕೆಳಗಿಟ್ಟು ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ.

"ನಂಬರ್ ತಪ್ಪಾಗಿ ಓದೋದು ಸಣ್ಣ ತಪ್ಪು. ಆದ್ರೆ ಒಂದು ವಿಷಯ ಇದೆ. ಮೊದಲೆರಡು ಬೋರಿಗೆ ಮಣ್ಣಿನ ಚೀಲ ಇದೆ. ಮೂರನೇದಕ್ಕೆ ಒಂದು ಚೀಲವೂ ಇಲ್ಲ. ಆದ್ರೂ ರಿಪೋರ್ಟ್‌ನಲ್ಲಿ 'ಮೂರು ಮೀಟರ್‌ವರೆಗೆ ಕಂದು ಜೇಡಿ, ಮರಳು ಬೆರೆತದ್ದು, ತೇವವಿದೆ' ಅಂತ ಚೆನ್ನಾಗಿ ಬರೆದಿದೆ. ನೋಡದ ಮಣ್ಣಿನ ಬಣ್ಣ ಹೇಗೆ ಗೊತ್ತಾಯ್ತು?"

"ಮೇಡಂ..."

"ನೀನು ಬರೆದ ಹಾಳೆ ನನ್ನ ಹತ್ರ ಇದೆ. ಒಂಬತ್ತು ಹಂತ. ಒಂದು ಬಿಟ್ಟಿದೆ. ಬೋರ್ ಕೊರೆಯೋದಕ್ಕೂ ಲ್ಯಾಬ್‌ಗೂ ನಡುವೆ, ಪೆಟ್ಟಿಗೆ ಬಿಚ್ಚಿ, ಒಂದೊಂದು ತುಂಡು ನೋಡಿ, ಎಷ್ಟು ಆಳಕ್ಕೆ ಏನು ಅಂತ ಬರೆಯೋ ಹಂತ. ಕಾಲೇಜಿನ ಮಕ್ಕಳೂ ಅದನ್ನ ಬಿಡೋದಿಲ್ಲ. ಮರೆತದ್ದೋ ಬಿಟ್ಟದ್ದೋ ಅಂತ ಅವತ್ತು ತಿಳೀಲಿಲ್ಲ. ಮಾರನೇ ದಿನ ತಿಳೀತು."

"ಹೇಗೆ?"

"ರವಿಚಂದ್ರರ ಆಫೀಸಲ್ಲಿ. ನನಗೆ ಕಾಫಿ, ಅವರಿಗೆ ಕಾಫಿ. ಆಯಾ ಏನೂ ಕೇಳದೆ ನಿನ್ನ ಮುಂದೆ ಟೀ ಇಟ್ಟಳು. ನಿನಗೆ ಕಾಫಿ ಆಗಲ್ಲ ಅಂತ ನನಗೇ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು."

ನಾನು ಗೋಡೆಗೆ ಒರಗಿದೆ.

"ಮೂರು ದಿನದಿಂದ ಎಲ್ಲರ ಹತ್ರ ಮಾತಾಡಿದ್ದೀಯ. ವಾಜಿದ್ ಮುಂದೆ ಮಾತ್ರ ಒಂದಕ್ಷರ ಆಡ್ಲಿಲ್ಲ. 'ಇಲ್ಲಿ ಸಹಿ ಹಾಕಿ' ಅಂತ ಹೇಳೋಕೂ ಬಾಯಿ ತೆಗೀಲಿಲ್ಲ, ಬೆರಳಲ್ಲಿ ತೋರಿಸ್ದೆ. ಅವನು ಮುಂಚೆ ನಿನ್ನ ಮುಖ ನೋಡಿರಲಿಲ್ಲ. ದನಿ ಕೇಳಿದ್ದಾನೆ. ನಿನ್ನೆ ಸಂಜೆ ರವಿಚಂದ್ರರಿಗೆ ಫೋನ್ ಮಾಡಿ ನಿನ್ನ ಹೆಸರು ಹೇಳ್ದೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅಂತಾನೂ ಅನ್ನಲಿಲ್ಲ. ನೀನೇ ಹೇಳ್ತೀಯೇನೋ ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ಮೂರನೇ ಬೋರ್ ಬರೆದೋಳು ನೀನು, ಕುಸುಮ."

"ಹೌದು ಮೇಡಂ. ನಾನೇ."

ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಮಾತು. ಆಡಿದ ಮೇಲೆ ಹಗುರಾಗಲಿಲ್ಲ.

ಎಲ್ಲವನ್ನೂ ಹೇಳಿದೆ. ಓದು ಮುಗಿಸಿ ಆ ಆಫೀಸಿನಲ್ಲಿ ಏಳು ತಿಂಗಳು ಕೆಲಸ ಮಾಡಿದ್ದೆ. ಮಾರನೇ ದಿನ ರಿಪೋರ್ಟ್ ಕೊಡಬೇಕು ಎಂದು ರವಿಚಂದ್ರ ಸರ್ ಪೆಟ್ಟಿಗೆಗಳನ್ನು ನನಗೊಪ್ಪಿಸಿದರು. ಒಂದು, ಎರಡು, ಮೂರು ಎಂದು ಮೂರು ಬೋರಿಗೆ ಹೊಂದಿಸಿಕೊಂಡೆ. ಮೂರನೆಯದರಲ್ಲಿ ಮಣ್ಣಿನ ಚೀಲ ಇರಲಿಲ್ಲ. ಅನುಮಾನ ಬಂತು. ವಾಜಿದ್‌ಗೆ ಎರಡು ಸಲ ಫೋನ್ ಮಾಡಿದೆ—ಸ್ವಿಚ್ ಆಫ್. ಚೀಲ ಎಲ್ಲೋ ಕಳೆದಿರಬೇಕು, ಎರಡನೇ ಬೋರಿನಲ್ಲಿ ಮೂರು ಮೀಟರಿಗೆ ಬಂಡೆ ಇದೆ, ಪಕ್ಕದ್ದೂ ಹಾಗೇ ಇರುತ್ತದೆ ಎಂದುಕೊಂಡೆ. ಕಾಣದ ಮಣ್ಣಿಗೆ ಬಣ್ಣ ಬರೆದೆ.

"ಇಷ್ಟೇ ಆಗಿದ್ರೆ ಅವಸರ ಅನ್ನಬಹುದಿತ್ತು" ಎಂದರು ಮೇಡಂ.

"ಇಷ್ಟೇ ಅಲ್ಲ ಮೇಡಂ. ಒಂದು ವಾರದ ಮೇಲೆ ವಾಜಿದ್ ಆಫೀಸಿಗೆ ಫೋನ್ ಮಾಡಿದ. ನಾನೇ ಎತ್ತಿಕೊಂಡೆ. ಕೊಯ್ಲಾಯ್ತು, ಮೂರನೇದಕ್ಕೆ ಮಿಷನ್ ತರ್ಲಾ ಅಂದ. ಆಗಲೇ ಗೊತ್ತಾಯ್ತು, ನಾನು ಬರೆದದ್ದು ಸುಳ್ಳು ಅಂತ. ರಿಪೋರ್ಟ್ ಹೋಗಿತ್ತು. ಹೇಳಿದ್ರೆ ಕೆಲಸ ಹೋಗುತ್ತೆ, ಎಲ್ಲರೂ ನಗ್ತಾರೆ ಅನ್ನಿಸ್ತು. ಬೇಡ, ಸಾಕಂತೆ ಅಂದೆ."

ಆ 'ಸಾಕಂತೆ' ಎಂಬ ಮಾತು ಯಾರದೂ ಆಗಿರಲಿಲ್ಲ. ಯಾರೋ ಮೇಲಿನವರು ಹೇಳಿದ್ದಾರೆ ಎಂಬಂತೆ ಹೇಳಿದ್ದೆ. ಅದರ ಮೇಲೆ ವಿನ್ಯಾಸವಾಯಿತು, ಲೆಕ್ಕವಾಯಿತು, ಡ್ರಾಯಿಂಗ್ ಆಯಿತು, ಮಂಜೂರಾತಿ ಬಂತು. ಪ್ರತಿ ಹಂತದಲ್ಲೂ ಒಬ್ಬರು ಹಿಂದಿನ ಕಾಗದವನ್ನು ನಂಬಿದರು. ಯಾವುದಾದರೂ ಒಂದು ದಿನ, ಒಂದು ಫೋನಾದರೂ ಮಾಡಬಹುದಿತ್ತು. ಎರಡು ವರ್ಷ ಇತ್ತು ನನ್ನ ಕೈಯಲ್ಲಿ.

ಮಹಬೂಬ್ ಬೀ ಎದ್ದು ನಿಂತಿದ್ದಳು. ನಾವಾಡಿದ್ದೆಲ್ಲ ಅವಳಿಗೆ ಕೇಳಿಸಿತ್ತು. ಬೈಯಲಿಲ್ಲ. "ನಡಿ" ಎಂದಳು. "ಈಗ್ಲೇ ನಡಿ. ಪೊಲೀಸರಿಗೆ ಹೇಳು."

*

ಅವಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಮಳವಳ್ಳಿಗೆ ಹೋದೆವು. ನನ್ನ ಹೇಳಿಕೆಯನ್ನು ನಾನೇ ಬರೆದು ಸಹಿ ಹಾಕಿದೆ. ಮಾರನೇ ದಿನ ವಾಜಿದ್‌ನನ್ನು ಬಿಟ್ಟರು. ಠಾಣೆಯ ಮೆಟ್ಟಿಲ ಹತ್ತಿರ ಮಹಬೂಬ್ ಬೀಯೂ ನಾನೂ ನಿಂತು ಕಾದಿದ್ದೆವು.

"ನಿಮ್ಮದು ತಪ್ಪಿಲ್ಲ ಅಂತ ಬರ್ಕೊಟ್ಟಿದ್ದೀನಿ" ಎಂದೆ.

ಅವನು ತಟ್ಟನೆ ನಿಂತ. "ಆವತ್ತು ಫೋನಲ್ಲಿ... ನೀವೇನಾ ಮೇಡಂ?"

"ನಾನೇ."

ವಾಜಿದ್ ತಾಯಿಯ ಕೈ ಹಿಡಿದು ರಸ್ತೆಗಿಳಿದ.

ನನ್ನನ್ನು ಅಮಾನತಿನಲ್ಲಿಟ್ಟರು. ಮೇಡಂ ತಮ್ಮ ವರದಿಯಲ್ಲಿ ಓದದೆ ಸಹಿ ಹಾಕಿದವರನ್ನೂ, ಹಾರೆ ಹಾಕಿ ನೋಡದವರನ್ನೂ ಬಿಡಲಿಲ್ಲ. ಆದರೆ ಮೊದಲ ಹೆಸರು ನನ್ನದೇ. ಅದರಲ್ಲಿ ನನಗೆ ದೂರಿಲ್ಲ.

ಉಳಿದದ್ದು ಒಂದು ಜಾಗ. ಮಂಡ್ಯದ ಆಸ್ಪತ್ರೆ. ಎರಡು ದಿನ ಗೇಟಿನವರೆಗೂ ಹೋಗಿ ವಾಪಸ್ ಬಂದೆ. ಮೂರನೇ ದಿನ ಒಳಗೆ ಹೋದೆ.

ಸಿದ್ದರಾಜು ಮಲಗಿದ್ದ. ಅವನ ತಾಯಿ ಚಿಕ್ಕಬೋರಮ್ಮ ಸ್ಟೂಲಿನ ಮೇಲೆ ಕೂತು ಮಗನ ಹಣೆ ಒತ್ತುತ್ತಿದ್ದಳು. ನನ್ನನ್ನು ನೋಡಿ ಎದ್ದು ಸ್ಟೂಲು ಬಿಟ್ಟುಕೊಟ್ಟಳು. "ಬಾವ್ವ, ಕೂತ್ಕ. ಆಪೀಸ್ನೋರಾ?"

ನಿಂತೇ ಹೇಳಿದೆ. ಶುರುವಿನಿಂದ ಕೊನೆಯವರೆಗೆ. ಸಿದ್ದರಾಜು ಸೂರನ್ನೇ ನೋಡುತ್ತ ಕೇಳಿಸಿಕೊಂಡ.

ಚಿಕ್ಕಬೋರಮ್ಮ ನನ್ನ ಎದುರಿಗೆ ಬಂದು ನಿಂತಳು. "ಇದ್ನ ನಂಗ್ ಯಾಕ್ ಏಳಕ್ ಬಂದೆ? ನಿನ್ ಒಟ್ಟೆ ಅಗುರಾಗ್ಲಿ ಅಂತವಾ?"

ಅವಳು ಹೊದಿಕೆಯ ಮೇಲಿಂದಲೇ ಮಗನ ಕಾಲು ತೋರಿಸಿದಳು.

"ಅವ್ನು ಮರ ಅತ್ತೋನು, ಪೈಪ್ ಮ್ಯಾಲೆ ನಡ್ಯೋನು. ಇನ್ನೇನ್ ಮಾಡಾನು ಏಳು?"

"ಬುಡವ್ವ" ಎಂದ ಸಿದ್ದರಾಜು. ಆಮೇಲೆ ನನ್ನ ಕಡೆ ತಿರುಗಿದ. "ಎರಡ್ನೇ ಕಂಬ ಗಟ್ಟಿಯಾಗೈತಾ ಮೇಡಂ? ನಮ್ ಹುಡುಗ್ರು ಅಲ್ಲಿಗೇ ಕೆಲ್ಸಕ್ ಓಗ್ಬೇಕು ಮತ್ತೆ."

"ಗಟ್ಟಿಯಾಗಿದೆ. ಆ ಕಲ್ಲು ನಾನು ಕಣ್ಣಾರೆ ನೋಡಿದ್ದೀನಿ."

ಅವನು ಕಣ್ಣು ಮುಚ್ಚಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ನಾನು ಹೊರಡಲು ತಿರುಗಿದೆ. ಚಿಕ್ಕಬೋರಮ್ಮ ತಡೆದಳು.

"ಎಲ್ಲಿಗ್ ಓಯ್ತೀಯ? ನಿಂತ್ಕ. ಡಾಕ್ಟ್ರು ಬತ್ತಾರೆ. ದಿನಾ ಇಂಗ್ಲಿಸ್ನಲ್ಲಿ ಏನೇನೋ ಅಂದ್ಬುಟ್ಟು ಓಯ್ತಾರೆ, ನಮ್ಗೊಂದೂ ತಿಳಿಯಾಕಿಲ್ಲ. ನೀನು ಕೇಳಿ, ಇದ್ದದ್ ಇದ್ದಂಗ್ ಏಳು."

ಕಾದೆ. ಡಾಕ್ಟರು ಬಂದರು, ಪಟ್ಟಿ ಬಿಚ್ಚಿ ನೋಡಿದರು, ನರ್ಸಿಗೆ ಐದು ನಿಮಿಷ ಏನೇನೋ ಹೇಳಿದರು. ಅರ್ಥವಾಗದ ಎರಡು ಕಡೆ ನಾನು ಮತ್ತೆ ಕೇಳಿದೆ. ಅವರು ಹೋದರು.

ತಾಯಿ, ಮಗ ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

"ಮೊಣಕಾಲಿನ ಕೆಳಗೆ ತೆಗೀಬೇಕಂತೆ" ಎಂದೆ. "ಶುಕ್ರವಾರ. ಮೊಣಕಾಲು ಉಳಿಸೋಕೆ ಪ್ರಯತ್ನ ಮಾಡ್ತಾರೆ, ಉಳಿಯುತ್ತೆ ಅಂತ ಮಾತು ಕೊಟ್ಟಿಲ್ಲ. ಉಳಿದ್ರೆ ಕೃತಕ ಕಾಲು ಹಾಕ್ಕೊಂಡು ನಡೀಬಹುದು. ಪೈಪಿನ ಮೇಲೆ ನಡೆಯೋಕಾಗಲ್ಲ."

ಡಾಕ್ಟರು ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡಲಿಲ್ಲ. ಒಂದು ಮಾತನ್ನೂ ನಾನಾಗಿ ಸೇರಿಸಲಿಲ್ಲ.